ಹಿತ್ತಲ ಬಾಗಿಲಿಂದ ಬಂದವಳು

ಹಿತ್ತಲ ಬಾಗಿಲ ಚಿಲಕ ತಾನಾಗಿಯೇ ಮೇಲೆದ್ದಿತು. ವೃಂದಾ ಬಾಯಲ್ಲಿದ್ದ ಬಿಸ್ಕೆಟ್ ನುಂಗುವುದನ್ನೂ ಮರೆತು ಮಂಚದ ಕೆಳಗೆ ತೂರಿಕೊಂಡಳು.

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಪ್ಪ ಬ್ಯಾಂಕಿನಲ್ಲಿ, ಅಮ್ಮ ಕಾಲೇಜಿನಲ್ಲಿ. ಅಪ್ಪನಿಗೆ ವರ್ಗವಾಗಿ ಅವರು ಶಿಗ್ಗಾಂವಿಯ ಈ ಬಾಡಿಗೆ ಮನೆಗೆ ಬಂದದ್ದು ಮೊನ್ನೆ ಮೊನ್ನೆ. ಶಾಲೆಯಲ್ಲಿ ಇನ್ನೂ ಒಬ್ಬ ಗೆಳತಿಯೂ ಸಿಕ್ಕಿರಲಿಲ್ಲ. ದಿನಾ ಸಂಜೆ ಅಮ್ಮ ಬರುವತನಕ ಟೀವಿಯೇ ಅವಳಿಗೆ ಜೊತೆ.

ನಿನ್ನೆ ಒಂದು ಸಿನಿಮಾ ಬಂದಿತ್ತು. ಯಾರೂ ಇಲ್ಲದಾಗ ಒಬ್ಬ ಮನುಷ್ಯ ಮನೆಯೊಳಗೆ ನುಗ್ಗುತ್ತಾನೆ. ಕೋಣೆಯಿಂದ ಕೋಣೆಗೆ ತಿರುಗುತ್ತಾನೆ, ಗೋಡೆಗಳನ್ನು ಸವರುತ್ತಾನೆ. ಕೊನೆಗೆ ಮನೆಯವರು ಅವನನ್ನು ಹಿಡಿದು ಪೊಲೀಸರಿಗೆ ಕೊಡುತ್ತಾರೆ. ವೃಂದಾ ಜೋರಾಗಿ ಚಪ್ಪಾಳೆ ತಟ್ಟಿದ್ದಳು, ಒಬ್ಬಳೇ.

ಈಗ ಅವನೇ ಬಂದನೇ?

ಆದರೆ ಮಂಚದ ಮುಂದೆ ಬಂದದ್ದು ಎರಡು ಸಣ್ಣ ಕಾಲುಗಳು. ಅವಳದೇ ಶಾಲೆಯ ನೀಲಿ ಸ್ಕರ್ಟು. ಆ ಹುಡುಗಿ ಯಾವುದನ್ನೂ ಮುಟ್ಟಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತು, ದೂರದ ಊರಿಂದ ಮನೆಗೆ ಬಂದವಳ ಹಾಗೆ ಉಸಿರು ಬಿಟ್ಟಳು. ಆಮೇಲೆ ಮಂಚದ ಕೆಳಗಿನ ಕಣ್ಣುಗಳನ್ನು ಕಂಡಳು.

“ಯಾರು ನೀ?” ಇಬ್ಬರೂ ಒಟ್ಟಿಗೇ ಕೇಳಿದರು.

ಅವಳ ಹೆಸರು ಸಮತಾ, ಆರನೇ ಕ್ಲಾಸು. ಯುಗಾದಿತನಕ ಈ ಮನೆಯಲ್ಲಿ ಬಾಡಿಗೆಗೆ ಇದ್ದವರು ಅವರೇ. ಅವ್ವ ಅಪ್ಪ ಕೆಲಸಕ್ಕೆಂದು ಗೋವಾಕ್ಕೆ ಹೋದರು. ಅವಳನ್ನು ಕಾಕಾನ ಮನೆಯಲ್ಲಿ ಬಿಟ್ಟರು. ಬಾಗಿಲ ಸಂದಿಯಲ್ಲಿ ಕಡ್ಡಿ ತೂರಿಸಿ ಚಿಲಕ ಎತ್ತುವುದು ಅವಳಿಗೆ ಮೊದಲಿಂದಲೂ ಗೊತ್ತಿತ್ತು.

“ಕಾಕಾನ ಮನ್ಯಾಗ ಮಂದಿ ಭಾಳ ಅದಾರ,” ಎಂದಳು ಸಮತಾ. “ಆದ್ರ ನನಗ ಕುಂದ್ರಾಕ ಒಂದು ಮೂಲಿ ಇಲ್ಲ. ಇಲ್ಲೆ ಸ್ವಲ್ಪ ಹೊತ್ತು ಕುಂತು ಹೋಗ್ತೇನಿ. ನಾ ಕಳ್ಳಿ ಅಲ್ಲ.”

ವೃಂದಾಳಿಗೆ ಸಿನಿಮಾದ ಮನುಷ್ಯ ನೆನಪಾದ. ಅವನೂ ಏನನ್ನೂ ಕದ್ದಿರಲಿಲ್ಲ. ಯಾಕೆ ಬಂದೆ ಎಂದು ಅವನನ್ನು ಯಾರೂ ಕೇಳಲಿಲ್ಲ. ಅದು ಒಂದು ಕಾಲಕ್ಕೆ ಅವನದೇ ಮನೆ ಆಗಿತ್ತೇನೋ.

ಅಷ್ಟರಲ್ಲಿ ಹೊರಗೆ ಗೇಟಿನ ಸದ್ದಾಯಿತು. ಸಮತಾ ಬಂದ ದಾರಿಯಲ್ಲೇ ಓಡಿಹೋದಳು.

ವೃಂದಾ ಅಮ್ಮನಿಗೆ ಎಲ್ಲವನ್ನೂ ಹೇಳಿದಳು. ಅಮ್ಮ ಬೈಯಲಿಲ್ಲ. ಆದರೆ ಹಿತ್ತಲ ಬಾಗಿಲಿಗೆ ಬೀಗ ಹಾಕಿ, ಆ ಹುಡುಗಿಗೆ ಮುಂದಿನ ಬಾಗಿಲಿಂದ ಬರಲು ಹೇಳು ಎಂದಳು. ಮರುದಿನ ಶಾಲೆಯಲ್ಲಿ ವೃಂದಾ ಹಾಗೆಯೇ ಹೇಳಿದಳು. ಸಮತಾ ತಿರುಗಿ ಹೊರಟುಹೋದಳು.

ಅಂದಿನಿಂದ ಸಂಜೆ ಟೀವಿ ಹಚ್ಚಲು ವೃಂದಾಳಿಗೆ ಮನಸ್ಸಾಗಲಿಲ್ಲ. ಮುಂದಿನ ಬಾಗಿಲು ತೆರೆದಿಟ್ಟು ಹೊಸ್ತಿಲ ಮೇಲೆ ಕೂರುತ್ತಿದ್ದಳು. ಓಣಿಯಲ್ಲಿ ಯಾರ್‍ಯಾರೋ ಹೋಗುತ್ತಿದ್ದರು. ಸಮತಾ ಬರಲಿಲ್ಲ.

ಒಂದು ಸಂಜೆ ಹಾಗೆ ಕೂತಿದ್ದಾಗ ವೃಂದಾಳಿಗೆ ಹೊಳೆಯಿತು: ಮುಂದಿನ ಬಾಗಿಲು ಬಡಿದು ಒಳಗೆ ಬರುವವರು ನೆಂಟರು, ಮನೆಯವರಲ್ಲ.

ಮರುದಿನ ಶಾಲೆಯ ನಲ್ಲಿಯ ಹತ್ತಿರ ಸಮತಾ ಒಬ್ಬಳೇ ನೀರು ಕುಡಿಯುತ್ತಿದ್ದಳು. ವೃಂದಾ ಪಕ್ಕದಲ್ಲಿ ಹೋಗಿ ನಿಂತಳು.

“ನಿಮ್ಮ ಮನ್ಯಾಗ ಪಾರಿವಾಳ ತತ್ತಿ ಇಟ್ಟದ,” ಎಂದಳು.

ಸಮತಾ ನಲ್ಲಿ ನಿಲ್ಲಿಸಿದಳು. ಗಲ್ಲದಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

“ಯಾವ ಕೋಣ್ಯಾಗ?” ಎಂದು ಕೇಳಿದಳು.