ಬಾಯಿಗೆ ಬಂದ ನೀರು

“ಬಾರೇ, ಉಪ್ಪು ಸಾಕಾ ನೋಡು!”

ಶಾಲೆಯ ಹಿಂದಿನ ಚಪ್ಪಡಿ ಕಲ್ಲಿನ ಮೇಲೆ ಹುಲಿಗೆಮ್ಮ ಹುಣಸೆಕಾಯಿ ಜಜ್ಜುತ್ತಿದ್ದಳು. ಜತೆಗೆ ಉಪ್ಪು, ಹಸಿಮೆಣಸಿನಕಾಯಿ, ಒಂದು ಚೂರು ಬೆಲ್ಲ. ಜೈನಾಬ್ ತಟ್ಟನೆ ಮುಖ ಆ ಕಡೆ ತಿರುಗಿಸಿದಳು.

“ನಂಗೆ ಬ್ಯಾಡ. ಇವತ್ತು ರೋಜಾ ಹಿಡಿದೀನಿ.”

“ಅಂದ್ರೆ ಉಪವಾಸನಾ?”

“ಹೂಂ ಕಣೇ. ಸಂಜೆ ಮಸೀದಿಯಾಗೆ ಬಾಂಗು ಕೂಗೋವರೆಗೂ ನೀರೂ ಕುಡಿಯಂಗಿಲ್ಲ. ನಂದು ಇದೇ ಮೊದಲನೇ ರೋಜಾ. ಸಂಜೆ ನಂಗೆ ಹಾರ ಹಾಕ್ತಾರೆ, ಗೊತ್ತಾ?”

ಮುಖ ತಿರುಗಿಸಿದರೆ ಆಯಿತೇ? ಮೂಗಿಗೆ ಬಾಗಿಲು ಉಂಟೇ? ಹುಳಿ ವಾಸನೆ ನೇರ ಒಳಗೆ ನುಗ್ಗಿತು. ನಾಲಿಗೆಯ ಅಡಿಯಿಂದ ನೀರು ಚಿಮ್ಮಿ ಬಾಯಿ ತುಂಬಿತು. ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಅದು ಗಟಕ್ಕನೆ ಗಂಟಲಿಗೆ ಇಳಿದೂ ಬಿಟ್ಟಿತು.

ಜೈನಾಬ್ ಥಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದಳು. “ಉಗುಳು ನುಂಗಿದ್ಯೋ, ರೋಜಾ ಮುರೀತು ಅಂತ್ಲೇ ತಿಳ್ಕೊ!” ಎಂದು ಅಣ್ಣ ದಾವೂದ್ ಬೆಳಿಗ್ಗೆ ಹೇಳಿದ್ದ. ಅದಕ್ಕೇ ಅವಳು ಆಗಿನಿಂದ ಉಗುಳಿ ಉಗುಳಿ ಸುಸ್ತಾಗಿದ್ದಳು. ಈಗ ಒಂದು ಹುಣಸೆಕಾಯಿಗೆ ಆಸೆಪಟ್ಟು ಎಲ್ಲ ಹಾಳುಮಾಡಿಕೊಂಡಳು. ಛೇ! ಹುಲಿಗೆಮ್ಮನ ಹತ್ತಿರ ಹೇಳಲೂ ನಾಚಿಕೆಯಾಯಿತು.

ಬೆಲ್ ಆಯಿತು. ತಿಪ್ಪೇರುದ್ರಸ್ವಾಮಿ ಮೇಷ್ಟ್ರು ಇವತ್ತೇ ಆ ಪಾಠ ಹಿಡಿಯಬೇಕೇ!

“ಉಂಡ ಅನ್ನ ಅರಗೋದು ಎಲ್ಲಿಂದ ಶುರುವಾಗ್ತೈತೆ?”

“ಹೊಟ್ಟೆಯಿಂದ ಸಾರ್!”

“ಅಲ್ಲ, ಬಾಯಿಂದ. ಉಗುಳು ಬೆರೆತರೇನೇ ತುತ್ತು ಮೆತ್ತಗಾಗಿ ಒಳಗೆ ಇಳಿಯೋದು. ಇನ್ನೂ ಒಂದು ತಮಾಷೆ ಐತೆ. ತುತ್ತು ಬರೋದಕ್ಕೆ ಮುಂಚೇನೇ ಬಾಯಿ ತಯಾರಾಗಿರ್ತೈತೆ. ಎಲ್ಲರೂ ಕಣ್ಣು ಮುಚ್ರಿ. ಉಪ್ಪು ಖಾರ ಹಚ್ಚಿದ ಹುಣಸೆಕಾಯಿ ನೆನೆಸಿಕೊಳ್ರಿ.”

ಇಡೀ ಕ್ಲಾಸು ಬಾಯಿ ಚಪ್ಪರಿಸಿತು. ಜೈನಾಬಳ ಬಾಯಿ ಮತ್ತೆ ತುಂಬಿತು. ಇನ್ನೊಂದು ಸಲ ನುಂಗಬಾರದು! ಎದ್ದವಳೇ ಕಿಟಕಿಗೆ ಓಡಿ ಥೂ ಎಂದು ಹೊರಗೆ ಉಗುಳಿದಳು.

ಕಿಟಕಿಯ ಕೆಳಗೇ ಮೇಷ್ಟ್ರು ಚಪ್ಪಲಿ ಬಿಟ್ಟಿದ್ದರು.

“ಏನೇ ಇದು?” ಮೇಷ್ಟ್ರು ಕಿಟಕಿಯಿಂದ ಬಗ್ಗಿ ನೋಡಿದರು. ಕ್ಲಾಸು ಗೊಳ್ಳೆಂದು ನಕ್ಕಿತು. ಜೈನಾಬ್ ಓಡಿಹೋಗಿ, ತಂಬಿಗೆಯಲ್ಲಿ ನೀರು ತಂದು, ಚಪ್ಪಲಿ ತೊಳೆದು ಒಳಗೆ ಬಂದಳು. ಕಿವಿ ಬಿಸಿಯಾಗಿತ್ತು. ಅಷ್ಟು ಸಾಲದೆಂಬಂತೆ ಅವಳ ಹೊಟ್ಟೆ ಗುರ್ರ್ ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿತು. ಮತ್ತೆ ನಗು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು ಅವಳಿಗೆ.

ಹುಲಿಗೆಮ್ಮ ಎದ್ದು ನಿಂತಳು. “ಬಯ್ಯಬ್ಯಾಡ್ರಿ ಸಾರ್. ಅವಳು ರೋಜಾ ಹಿಡಿದಾಳೆ. ಏನೂ ತಿಂದಿಲ್ಲ.”

ಮೇಷ್ಟ್ರ ಮುಖ ಮೆತ್ತಗಾಯಿತು. “ಮೊದಲೇ ಹೇಳಬಾರದೇನಮ್ಮಾ? ನಾನೊಬ್ಬ, ನಿನ್ನ ಮುಂದೆ ಹುಣಸೆಕಾಯಿ ಪುರಾಣ ತೆಗೆದೆ! ಬಾಯಾಗೆ ನೀರು ಬರೋದು ತಪ್ಪಲ್ಲ. ಕಣ್ಣಿಗೆ ಧೂಳು ಬಂದ್ರೆ ರೆಪ್ಪೆ ತಾನೇ ಮುಚ್ಚಿಕೊಳ್ಳಲ್ವಾ? ಹಂಗೇ ಇದು. ನಿನ್ನ ಕೇಳಿ ಬರಲ್ಲ.”

ಕೇಳಿ ಬರಲ್ಲ, ಸರಿ. ಆದರೆ ನುಂಗಿದವಳು ನಾನೇ ಅಲ್ಲವೇ? ಜೈನಾಬ್ ಸ್ಲೇಟಿನ ಮೇಲೆ ತಲೆ ತಗ್ಗಿಸಿ ಕೂತಳು.

ಸಂಜೆ ಮನೆಯ ತುಂಬ ಸಡಗರ. ನ್ಯಾಮತಿ ಪೇಟೆಯಲ್ಲಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವ ಅಬ್ಬಾ ಖಾಜಾಸಾಬ್ ಬೇಗ ಬಂದಿದ್ದರು. “ಇಷ್ಟು ಚಿಕ್ಕವಳು, ಒಂದು ತೊಟ್ಟು ನೀರೂ ಮುಟ್ಟಿಲ್ಲ!” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅವರು ಹೊಗಳಿದಷ್ಟೂ ಜೈನಾಬಳ ತಲೆ ತಗ್ಗಿತು. ಹೊಸ ಲಂಗ ಮೈಗೆ ಚುಚ್ಚುತ್ತಿತ್ತು.

ಅಮ್ಮಿ ಸೇವಂತಿಗೆ ಹಾರ ಹಿಡಿದು ಬಂದರು. “ಬಾ ಮಗಾ, ಹಾಕ್ತೀನಿ.”

“ಬ್ಯಾಡಮ್ಮಿ.”

“ಯಾಕೇ? ತಲೆ ಸುತ್ತುತೈತಾ?”

ಜೈನಾಬ್ ಹೋಗಿ ದಾದಿಮಾನ ಪಕ್ಕ ಕೂತಳು. ದಾದಿಮಾ ಅಂದರೆ ಅಬ್ಬಾನ ತಾಯಿ ಗುಲ್ಜಾರ್‌ಬೀ. ಜ್ವರ ಬಂದರೂ ರೋಜಾ ಬಿಡದ ಗಟ್ಟಿ ಮುದುಕಿ.

ತಟ್ಟೆಯಲ್ಲಿ ಖರ್ಜೂರ, ಕಡಲೆ ಉಸಲಿ, ಬಟ್ಟಲಲ್ಲಿ ಹಬೆಯಾಡುವ ಗಂಜಿ. ಬಾಂಗು ಇನ್ನೇನು ಕೂಗಬೇಕು. ಎಲ್ಲರೂ ತಟ್ಟೆಯ ಸುತ್ತ ಕೂತಿದ್ದರು. ಜೈನಾಬ್ ಮೆಲ್ಲನೆ ತಲೆ ಎತ್ತಿದಳು. ದಾದಿಮಾನ ತೆಳ್ಳನೆಯ ಗಂಟಲು ಒಮ್ಮೆ ಮೇಲೇರಿ ಇಳಿಯಿತು. ಜೈನಾಬ್ ಕಣ್ಣರಳಿಸಿದಳು. ಆಮೇಲೆ ಅಬ್ಬಾನ ಗಂಟಲು. ಅಮ್ಮಿಯದೂ!

ದಾವೂದ್ ಒಬ್ಬನೇ ಎದ್ದು ಹಿತ್ತಲಿಗೆ ಓಡಿದ.

“ಇವನೇನು, ಘಳಿಗೆಗೊಂದು ಸಲ ಉಗುಳಾಕೆ ಓಡ್ತಾನೆ?” ಎಂದರು ಅಬ್ಬಾ.

“ದಾದಿಮಾ,” ಜೈನಾಬ್ ಪಿಸುಗುಟ್ಟಿದಳು, “ನೀವು ಈಗ ಉಗುಳು ನುಂಗಿದ್ರಾ?”

“ನುಂಗದೆ ಇನ್ನೇನು? ಗಂಟಲಿಗೆ ಬೀಗ ಹಾಕಾಕಾಗ್ತೈತಾ?”

“ಮತ್ತೆ ರೋಜಾ?”

“ರೋಜಾಕ್ಕೇನಾಗೈತೆ? ನೆಟ್ಟಗೈತೆ!”

ಜೈನಾಬಳ ಕಣ್ಣು ತುಂಬಿ ಬಂತು. ಇಡೀ ದಿನ ಹೊತ್ತಿದ್ದ ಭಾರ ಒಮ್ಮೆಲೇ ಇಳಿದಿತ್ತು. “ಅಮ್ಮಿ, ಹಾರ ಹಾಕ್ರಿ,” ಎಂದು ಕುತ್ತಿಗೆ ಬಗ್ಗಿಸಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಹುಲಿಗೆಮ್ಮ. ಕೈಯಲ್ಲಿ ಮುತ್ತುಗದ ಎಲೆಯ ಪೊಟ್ಟಣ.

“ಬಾಂಗು ಆತೇನ್ರಿ?”

“ಇನ್ನೂ ಇಲ್ಲ, ಬಾ ಮಗಾ, ಕೂತ್ಕೊ,” ಎಂದರು ಅಮ್ಮಿ.

ಹುಲಿಗೆಮ್ಮ ಗೆಳತಿಗೆ ಒತ್ತಿಕೊಂಡು ಕೂತು ಪೊಟ್ಟಣ ಬಿಚ್ಚಿದಳು. ಬೆಳಿಗ್ಗೆ ಜಜ್ಜಿದ ಹುಣಸೆಕಾಯಿ, ಉಂಡೆ ಕಟ್ಟಿ ಇಟ್ಟಿದ್ದಳು.

“ನೀನು ತಿನ್ನಲಿಲ್ವೇನೇ?”

“ನಿನ್ನ ಬಿಟ್ಟು ಹೆಂಗೆ ತಿನ್ನಲಿ? ಮನಸ್ಸಾಗಲಿಲ್ಲ.”

ಹುಳಿ ವಾಸನೆ ಮೂಗಿಗೆ ಬಡಿಯಿತು. ಜೈನಾಬಳ ಬಾಯಿ ತುಂಬ ನೀರು. ಪಕ್ಕಕ್ಕೆ ನೋಡಿದರೆ ಹುಲಿಗೆಮ್ಮನ ಗಂಟಲೂ ಮೇಲೆ ಕೆಳಗೆ ಆಡುತ್ತಿತ್ತು. ಬಾಂಗು ಇನ್ನೂ ಕೂಗಿರಲಿಲ್ಲ. ಜೈನಾಬ್ ಹಿತ್ತಲ ಕಡೆ ನೋಡಲೂ ಇಲ್ಲ. ಗಟಕ್ಕನೆ ನುಂಗಿ, ಹಾರ ನೆಟ್ಟಗೆ ಮಾಡಿಕೊಂಡು ಕೂತಳು.