ಗೆರೆ ಏಳಲೇ ಇಲ್ಲ

"ನೀವಂದ್ರೆ ನಂಗಿಷ್ಟ. ಮದುವೆ ಆಗ್ತೀರಾ?"

ಬಡಗಿ ಇದನ್ನು ಕೇಳಿದ್ದು ಎಂಥ ಹೊತ್ತಿನಲ್ಲಿ ನೋಡಿ! ಪ್ರಯೋಗಾಲಯದ ಕುರ್ಚಿಯಲ್ಲಿ ಕುಳಿತಿದ್ದ. ಅವನ ಎರಡು ಬೆರಳ ತುದಿಗೆ, ಅವನು ಈ ಮಾತು ಕೇಳಿದ ಸಂಶೋಧಕಿಯೇ ವೈರು ಕಟ್ಟಿದ್ದಳು. ಮನಸ್ಸು ಕಲಕಿದರೆ ಕೈ ಬೆವರುತ್ತದೆ, ಬೆವರಿದ ಚರ್ಮದಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ, ಪರದೆಯ ಮೇಲೆ ಗೆರೆ ಏಳುತ್ತದೆ. ಅದನ್ನು ಅಳೆಯುವುದೇ ಅವಳ ಕೆಲಸ.

ಅಲ್ಲಿ ಕಪಾಟು ಮಾಡಲು ಬಂದಿದ್ದವನು, ಪರೀಕ್ಷೆಗೆ ಕೂರಲು ತಾನೇ ಒಪ್ಪಿದ್ದ. ಅವಳ ಎದೆ ಡವಡವ ಎಂದಿತು. ಕಣ್ಣು ಮಾತ್ರ ಪರದೆಗೆ ಹೋಯಿತು.

ಗೆರೆ ಅಲ್ಲಾಡಲಿಲ್ಲ.

'ಇವನೂ ಅವನ ಹಾಗೇನಾ...' ಹಿಂದೊಬ್ಬ ಬೆಣ್ಣೆಯಂಥ ಮಾತಾಡಿ, ನಿಶ್ಚಯವಾದ ಮದುವೆಯನ್ನೇ ಮುರಿದು ಹೋಗಿದ್ದ. ಹಾಲಿನಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಲ್ಲ, ಇವಳದೂ ಅದೇ ಪಾಡು.

"ಸುಳ್ಳು ಹೇಳ್ಬೇಡಿ," ಎಂದಳು. "ಬಾಯಿ ಏನು ಬೇಕಾದ್ರೂ ಹೇಳುತ್ತೆ. ನಿಮ್ಮ ಬೆವರು ಏನೂ ಹೇಳ್ತಿಲ್ಲ."

ಅವನು ವೈರು ಬಿಚ್ಚಿಕೊಟ್ಟು ಹೋದ.

ಮಧ್ಯಾಹ್ನ ಅವಳ ಮೇಡಂ ಅದೇ ಗೆರೆ ನೋಡಿ ಹುಬ್ಬೇರಿಸಿದರು. ಅವಳು ನಡೆದದ್ದನ್ನೆಲ್ಲ ಹೇಳಿಕೊಂಡಳು.

"ಶುರುವಲ್ಲಿ ಢಮ್ ಅಂತ ಸದ್ದು ಕೇಳಿಸ್ತೀಯಲ್ಲ, ಆಗ್ಲೂ ಗೆರೆ ಎದ್ದಿಲ್ವಲ್ಲೇ?"

"ಆಗ ಅವ್ರು ಬೆಚ್ಚಿಬಿದ್ರು, ಮೇಡಂ..." ಅವಳು ಬಗ್ಗಿ ಪರದೆ ನೋಡಿದಳು; ಅಲ್ಲೂ ಗೆರೆ ಸಪಾಟಾಗಿತ್ತು.

"ಉಳಿ ಹಿಡಿದು ಜಡ್ಡುಗಟ್ಟಿದ ಬೆರಳು ಕಣೇ. ಆ ದಪ್ಪ ಚರ್ಮದಲ್ಲಿ ಬೆವರು ಎಲ್ಲಿ ಸಿಗುತ್ತೆ? ಅಂಗಾಲಿಗೆ ಕಟ್ಬೇಕಿತ್ತು. ಅದೂ ಅಲ್ದೆ, ಗೆರೆ ಹೆದರಿದ್ರೂ ಏಳುತ್ತೆ, ನಾಚಿದ್ರೂ ಏಳುತ್ತೆ. ಪ್ರೀತಿ ನಿಜವೋ ಸುಳ್ಳೋ ಅಂತ ಈ ಮಷಿನ್ನು ಯಾವತ್ತು ಹೇಳಿತ್ತು?"

ಅಯ್ಯೋ, ಕೈಯಾರೆ ಕಳೆದುಕೊಂಡೆನಲ್ಲ! ಅವಳು ಅವನ ಮರಗೆಲಸದ ಶೆಡ್ಡಿಗೆ ಓಡಿದಳು.

ಅವನು ಹಲಗೆ ಹೆರೆಯುತ್ತಿದ್ದ. ಅವಳು ಏದುಸಿರು ಬಿಡುತ್ತಲೇ ಎಲ್ಲ ಹೇಳಿದಳು. "ತಪ್ಪು ನಂದು. ಕ್ಷಮಿಸ್ತೀರಾ?"

"ಹಾಗಾದ್ರೆ ಈಗ ಅಂಗಾಲಿಗೆ ಕಟ್ತೀರಾ?" ಅವನು ಚಪ್ಪಲಿ ಬಿಡಲು ಹೊರಟ. ಅವಳಿಗೆ ಏದುಸಿರಿನ ನಡುವೆಯೇ ನಗು ಬಂತು.

"ನಿಮ್ಮ ಮೇಲೆ ಕೋಪ ಎಲ್ಲಿಂದ ಬರ್ಬೇಕು?" ಎಂದ. "ಎಷ್ಟೋ ಕಡೆ ಕುರ್ಚಿ ಮಾಡಿಕೊಟ್ಟಿದೀನಿ. ದಣಿದಾಗ 'ಕೂತ್ಕೊಳ್ಳಿ' ಅಂತ ನಂಗೆ ಕುರ್ಚಿ ಎಳೆದುಕೊಟ್ಟಿದ್ದು ನೀವೊಬ್ರೇ. ಆ ಋಣ ಮರೆಯೋಕಾಗುತ್ತಾ?"

ಹಂಗಿಸದ, ದೂರು ಹೇಳದ ಈ ಮನುಷ್ಯ ತನಗೆ ಸಿಕ್ಕಿದ್ದು ಯಾವ ಜನ್ಮದ ಪುಣ್ಯವೋ ಎಂದು ಅವಳಿಗೆ ಅನ್ನಿಸಿತು.

"ನಂಗೂ ನೀವಂದ್ರೆ ಇಷ್ಟ... ಮದುವೆ ಆಗೋಣ."

"ಆಗೋಣ."

"ಅಷ್ಟೇನಾ? ನಾನು ಹೇಳ್ತಿರೋದು ನಿಜವೋ ಸುಳ್ಳೋ ಅಂತ ನೋಡಲ್ವಾ?"

"ನೀವು ಹೇಳಿದ್ರಲ್ಲ," ಎಂದ ಅವನು. "ಸಾಕು."