ಬಡಗಿ ತಾತ ತೆಗೆದ ಫೋಟೊಗಳು

“ಫೋನ್ ತಾತನ ಕೈಗೇ ಕೊಡಿ. ಕಲೀಬೇಕಾದವರು ಅವರು, ನೀವಲ್ಲ.”

ಅವನು ಅವಳೊಡನೆ ಆಡಿದ ಮೊದಲ ಮಾತು ಇದು. ಗ್ರಂಥಾಲಯದ ಕೋಣೆಯಲ್ಲಿ ಕೂತಿದ್ದ ಒಂಬತ್ತು ಜನ ಹಿರಿಯರೂ ಕತ್ತೆತ್ತಿ ನೋಡಿದರು. ಅವಳ ಕಿವಿ ಬಿಸಿಯಾಯಿತು.

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಅವಳು ಭಾನುವಾರ ಬೆಳಿಗ್ಗೆ ಬೀದಿಯ ಹಿರಿಯರಿಗೆ ಇಂಟರ್ನೆಟ್ ಕಲಿಸುತ್ತಿದ್ದಳು. ಬೆರಳಿನ ವೇಗ ಕಂಡು ಅವರೇ ಇಟ್ಟ ಹೆಸರು ಮಿಂಚು. ಯಾರಾದರೂ ತಡವರಿಸಿದರೆ ಸಾಕು, ಫೋನ್ ಕಸಿದು ಟಕಟಕನೆ ತಾನೇ ಮಾಡಿಕೊಡುತ್ತಿದ್ದಳು. ಅವರು ‘ಓಹೋ’ ಎನ್ನುತ್ತಿದ್ದರು, ಮನೆ ಮುಟ್ಟುವಷ್ಟರಲ್ಲಿ ಮರೆತೂ ಬಿಡುತ್ತಿದ್ದರು.

ಅಂದು ಹಾಗೆ ಅಂದವನು ಬಡಗಿ ತಾತನ ಮೊಮ್ಮಗ, ಸೈಕಲ್ ರಿಪೇರಿ ಮಾಡುವವನು. ಮುಂದೆ ಅವನೂ ಕಲಿಸಲು ಬರತೊಡಗಿದ. ಪಕ್ಕದಲ್ಲಿ ಕೂತು ಒಂದೇ ಮಾತನ್ನು ಹತ್ತು ಸಲ ಹೇಳುವ ತಾಳ್ಮೆ ಅವನದು. ಮೊದಮೊದಲು ಅವನನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಎರಡು ತಿಂಗಳಾಗುವಷ್ಟರಲ್ಲಿ ಅವನಿಲ್ಲದ ಭಾನುವಾರ ಭಾನುವಾರವೇ ಅಲ್ಲ ಎನ್ನಿಸತೊಡಗಿತು...

ಒಂದು ದಿನ ಅವನು, ಮುಂದಿನ ವಾರ ಪಾಠ ಮುಗಿದ ಮೇಲೆ ನಿಮ್ಮನ್ನೊಂದು ಮಾತು ಕೇಳಬೇಕು ಎಂದ. ಏನೆಂದು ಅವಳ ಎದೆಗೆ ಗೊತ್ತಿತ್ತು. ಆ ವಾರ ಅಂಗಡಿಯ ಕನ್ನಡಿಗಳಲ್ಲೆಲ್ಲ ಅವಳಿಗೆ ತನ್ನ ನಗುವೇ ಕಂಡಿತು.

ಆದರೆ ಆ ಭಾನುವಾರ ಅವನು ಬರುವ ಮೊದಲೇ ಆಗಬಾರದ್ದು ಆಗಿಹೋಯಿತು.

ಬಡಗಿ ತಾತನ ಫೋನಿನಲ್ಲಿ ಜಾಗವಿಲ್ಲದೆ ಪಾಠ ನಿಂತಿತು. ಅವಳು ಎಂದಿನಂತೆ ಕಸಿದುಕೊಂಡಳು. ಒಳಗೆ ನೂರಾರು ಮಸುಕು ಫೋಟೊ: ಕುರ್ಚಿಯ ಕಾಲು, ಬಾಗಿಲಿನ ಮೂಲೆ, ತೊಟ್ಟಿಲಿನ ಕಂಬಿ. ತಾತ ಅರಿಯದೆ ಒತ್ತಿದ್ದಿರಬೇಕು ಎಂದುಕೊಂಡು, ಮರಳಿ ಸಿಗದ ಹಾಗೆ ಎಲ್ಲವನ್ನೂ ಅಳಿಸಿಬಿಟ್ಟಳು.

ಸ್ವಲ್ಪ ಹೊತ್ತಿಗೆ ಮೊಮ್ಮಗ ಬಂದ. ತಾತ ಅವನಿಗೆ ತೋರಿಸಲು ಫೋಟೊ ಹುಡುಕಿದ. ನಲವತ್ತು ವರ್ಷ ತಾನು ಮಾಡಿಕೊಟ್ಟ ಸಾಮಾನುಗಳನ್ನು ಮನೆಮನೆಗೆ ಹೋಗಿ ತಾನೇ ತೆಗೆದ ಫೋಟೊಗಳು. ಒಂದೂ ಇರಲಿಲ್ಲ. ಏನಾಯಿತು ಎಂದು ಮೊಮ್ಮಗ ಅವಳನ್ನು ಕೇಳಿದ.

ಅವಳು ಬೇರೆ ಕಡೆ ನೋಡುತ್ತ ಹೇಳಿದಳು, “ತಾತನೇ ಏನೋ ಒತ್ತಿರಬೇಕು...”

ತಾತ ತನ್ನ ಬೆರಳುಗಳನ್ನೇ ನೋಡಿಕೊಂಡ. “ಹೌದೇನೋ. ವಯಸ್ಸಾಯ್ತಲ್ಲ, ಕೈ ಹೇಳಿದ ಮಾತು ಕೇಳಲ್ಲ.”

ಮೊಮ್ಮಗ ಕೇಳಬೇಕೆಂದಿದ್ದ ಮಾತಿಗೆ ಕಾಯದೆ ಅವಳು ಹೊರಟುಬಿಟ್ಟಳು.

ಮೂರು ವಾರ ತಾತ ಪಾಠಕ್ಕೆ ಬರಲಿಲ್ಲ, ಮೊಮ್ಮಗನೂ ಬರಲಿಲ್ಲ. ತಾತನ ಫೋನ್ ಬೀರು ಸೇರಿತಂತೆ. ಉಳಿಯನ್ನೂ ಮುಟ್ಟುತ್ತಿಲ್ಲವಂತೆ. ಮೊಮ್ಮಗ ಒಮ್ಮೆ ಅಂಗಡಿಗೆ ಬಂದಾಗ ಅವಳು ಗಾಜು ಉಜ್ಜುವ ಯಂತ್ರದ ಹಿಂದೆ ಕಳ್ಳಿಯಂತೆ ಅವಿತುಕೊಂಡಳು.

‘ಹೇಳಿದರೆ ಅವನು ನನ್ನ ಮುಖ ನೋಡುವುದಿಲ್ಲ. ಹೇಳದಿದ್ದರೆ ನಾನು ಅವನ ಮುಖ ನೋಡಲಾರೆ...’

ನಾಲ್ಕನೆಯ ಭಾನುವಾರ ಅವಳು ಅವರ ಮನೆಯ ಬಾಗಿಲು ತಟ್ಟಿದಳು. ತಾತ ಕಿಟಕಿಯ ಬಳಿ ಸುಮ್ಮನೆ ಕೂತಿದ್ದ. ಮೊಮ್ಮಗ ಬಾಗಿಲಲ್ಲೇ ನಿಂತ. ನೆಲ ನೋಡುತ್ತಲೇ ಅವಳು ಹೇಳಿದಳು.

“ಫೋಟೊ ಅಳಿಸಿದ್ದು ನಾನು, ತಾತ. ತಪ್ಪು ನಿಮ್ಮ ಮೇಲೆ ಹಾಕಿದೆ.”

ತಾತ ಬೆರಳುಗಳನ್ನು ಮಡಿಸಿ ಬಿಡಿಸಿ ನೋಡಿಕೊಂಡ.

“ಹಾಗಾದ್ರೆ ನನ್ನ ಕೈ ಕೆಟ್ಟಿಲ್ಲ,” ಎಂದ ತಾತ ಮೆಲ್ಲಗೆ. ಆಮೇಲೆ ಅವಳ ಕಡೆ ತಿರುಗಿದ. “ಫೋಟೊ ಹೋದ್ರೆ ಹೋಗ್ಲಿ. ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲದ ಹಾಗೆ ಮಾಡಿದ್ಯಲ್ಲ ತಾಯಿ.”

ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಅವಳಿಗೆ ಕಣ್ಣೀರು ಉಕ್ಕಿ ಬಂತು.

ತಾತ ಎದ್ದು ಬೀರುವಿನಿಂದ ಫೋನ್ ತೆಗೆದ. ಎಲ್ಲ ಮನೆಗೂ ಮತ್ತೆ ಹೋಗಬೇಕು, ಮತ್ತೆ ಯಾಕೆ ಬಂದೆವೆಂದು ಪ್ರತಿ ಬಾಗಿಲಲ್ಲೂ ಅವಳೇ ಹೇಳಬೇಕು ಎಂದ.

ಹಾಗೇ ಹೊರಟರು. ಮೊದಲ ಬಾಗಿಲಲ್ಲಿ ಮಾತು ತೊದಲಿತು. ಮೂರನೆಯದರಲ್ಲಿ ಮನೆಯೊಡತಿ, ‘ಕಲಿಸೋರೇ ಹೀಗಾದ್ರೆ?’ ಎಂದು ನಕ್ಕಾಗ ಭೂಮಿ ಬಾಯಿಬಿಡಬಾರದೆ ಎನ್ನಿಸಿತು. ಆದರೂ ಹೇಳಿದಳು, ನಾನೇ ಅಳಿಸಿದ್ದು ಎಂದು. ಮೊಮ್ಮಗ ಸೈಕಲ್ ತಳ್ಳಿಕೊಂಡು ಹಿಂದೆ ಬರುತ್ತಿದ್ದ.

ಏಳನೆಯ ಮನೆಯಲ್ಲಿ ತಾತ ಮಂಚದ ಫೋಟೊ ತೆಗೆಯಲು ಒಳಗೆ ಹೋದ. ಹೊರಗೆ ಅವರಿಬ್ಬರೇ ಉಳಿದರು.

“ನಾನು ಕೇಳೋ ಮೊದಲೇ ಎದ್ದು ಹೋದ್ರಿ. ಬೇಡ ಅನ್ನೋದೇ ಉತ್ತರ ಅಂದ್ಕೊಂಡೆ,” ಎಂದ ಅವನು.

“ನನ್ನಂಥೋಳು ನಿಮಗೆ ಬೇಡ ಅಂತ ಓಡಿಹೋದೆ...”

“ನನಗೆ ಸಿಟ್ಟಿದೆ. ಇನ್ನೂ ಸ್ವಲ್ಪ ದಿನ ಇರುತ್ತೆ.”

“ಇರಲಿ.”

“ಸಿಟ್ಟಿಟ್ಕೊಂಡೇ ಕೇಳ್ತೀನಿ. ನನ್ನ ಮದುವೆ ಆಗ್ತೀಯಾ?”

ಅವಳು ಅಂದು ಮೊದಲ ಸಲ ತಲೆಯೆತ್ತಿದಳು. “ಇನ್ನೂ ಹದಿನಾಲ್ಕು ಮನೆ ಇದೆ. ಎಲ್ಲ ಕಡೆ ನನ್ನ ತಪ್ಪು ಕೇಳಿಸ್ಕೊಂಡ ಮೇಲೂ ಇದೇ ಮಾತು ಕೇಳ್ತೀಯಾ?”

“ಪ್ರತಿ ಬಾಗಿಲಲ್ಲೂ ಕೇಳ್ತೀನಿ.”

“ಹಾಗಾದ್ರೆ ಕೊನೇ ಮನೇಲಿ ಹೂಂ ಅಂತೀನಿ.”

“ಅಲ್ಲೀವರೆಗೆ?”

ಅವಳು ಕೆನ್ನೆ ಒರೆಸಿಕೊಂಡಳು. “ಅಲ್ಲೀವರೆಗೂ ಹೂಂ.”